ಹುಳದ ಮನೆಯ ಬೋರ್ಡು

ಹುಳದ ಮನೆಯ ಬಾಗಿಲಿಗೆ ಬೋರ್ಡು ಬರೆಸಿದ್ದೇವೆ,
ಶಿಡ್ಲಘಟ್ಟದ ಪೇಂಟರ ಕೈಯಲ್ಲಿ, ಹಳದಿ ಮೇಲೆ ಕೆಂಪು:
ಸೆಂಟು, ಪೌಡರು, ಊದುಬತ್ತಿ, ಸೊಳ್ಳೆಬತ್ತಿ, ಬೀಡಿ
ಒಳಗೆ ತರಬಾರದು.
ಕೈಕಾಲು ತೊಳೆದು ಬರುವುದು.
ಕೆಳಗೆ ಯಜಮಾನರ ಹೆಸರು, ಆಂಜಿನಪ್ಪ, ಮೊಬೈಲ್ ನಂಬರು.

ಅಲ್ಲಿಂದ ಹತ್ತು ಮಾರು ಈಚೆಗೆ ನಾವಿರುವ ಮನೆ.
ಅದಕ್ಕೆ ಬೋರ್ಡಿಲ್ಲ.

ಮೈದುನನ ಮದುವೆಗೆಂದು ಗೋಡೆಗೆ ಹೊಸ ಬಣ್ಣ,
ಕಿಟಕಿಗೆ ವಾರ್ನಿಷು, ಪ್ಲೈವುಡ್ಡಿನ ಬೀರು.
ಅದರ ಬಾಗಿಲು ತೆರೆದರೆ ಅಂಟಿನ ಘಾಟು
ನೇರ ಕಣ್ಣಿನ ಹಿಂದೆ ಬಂದು ಕೂರುತ್ತದೆ.
ನೆಲಕ್ಕೆ ನಿಂಬೆಯ ಹೆಸರಿನ ಫಿನಾಯಿಲು
(ನಿಂಬೆಗೆ ಅದು ಗೊತ್ತಿಲ್ಲ),
ಬಚ್ಚಲಿಗೆ ಮಲ್ಲಿಗೆಯ ಹೆಸರಿನ ಡಬ್ಬಿ.
ಸಂಜೆ ಪ್ಲಗ್ಗಿಗೆ ಸಿಕ್ಕಿಸಿದ ಸೊಳ್ಳೆ ಎಣ್ಣೆ
ಕೆಂಪು ದೀಪದ ಒಂದೇ ಕಣ್ಣು ಬಿಟ್ಟುಕೊಂಡು
ರಾತ್ರಿಯಿಡೀ ನನ್ನನ್ನೇ ನೋಡುತ್ತದೆ.

ಮೊದಲು ನಾಲಿಗೆಗೆ ತಾಮ್ರದ ರುಚಿ.
ಆಮೇಲೆ ಹಣೆ. ಆಮೇಲೆ ಎದೆಯೊಳಗೆ ಯಾರೋ
ಸೊಪ್ಪಿನ ಹೊರೆಗೆ ಹಗ್ಗ ಬಿಗಿದಂತೆ,
ಮಂಡಿಯೂರಿ ಇನ್ನೊಂದು ಸುತ್ತು ಎಳೆದಂತೆ.
ಹೊರಟ ಮಾತು ಅರ್ಧಕ್ಕೇ ಮರೆಯುತ್ತದೆ.
ಉಪ್ಪಿನ ಡಬ್ಬಿ ಹಿಡಿದು ನಿಂತೇ ಇರುತ್ತೇನೆ, ಯಾಕೆ ಅಂತ ತಿಳಿಯದೆ.

"ಯಾರಿಗೂ ಇಲ್ಲದ್ದು ನಿಂಗೊಬ್ಳಿಗೆ ಯಾಕಮ್ಮಾ?
ಮೂಗು ನಾಯಿಗಿದ್ರೆ ಚೆಂದ, ಸೊಸೆಗಲ್ಲ."
ಅತ್ತೆ ಗಂಗುಲಮ್ಮ ಕೆಟ್ಟವರೇನಲ್ಲ.
ನಾನೂ ನಕ್ಕೆ. ನಗುವಾಗಲೇ ಕೆಮ್ಮು ಬಂತು.

ಚಿಕ್ಕಬಳ್ಳಾಪುರದ ಡಾಕ್ಟರು ಎಕ್ಸರೇ ಬೆಳಕಿಗೆ ಹಿಡಿದು
ಏನೂ ಇಲ್ಲ ಅಂದರು. ರಕ್ತದಲ್ಲೂ ಏನೂ ಇಲ್ಲ.
ಅವರ ತಲೆಯ ಮೇಲೆ ಗೋಡೆಗೊಂದು ಬಿಳಿ ಡಬ್ಬಿ,
ಆಗಾಗ ಪುಸ್ ಅಂತ ಗುಲಾಬಿ ಉಗಿಯುತ್ತಿತ್ತು.
ಟೆನ್ಷನ್ ಮಾಡ್ಕೋಬೇಡಿ ಅಂದರು.
ಪುಸ್.
ಸರಿ ಸಾರ್ ಅಂದೆ, ಸೆರಗಿನೊಳಗಿಂದ.

ಹೋದ ಬೆಳೆಯಲ್ಲಿ, ಹುಳ ಮೂರನೇ ಜ್ವರಕ್ಕೆ ಕೂತ ದಿನ,
ಇಲಾಖೆಯ ಸಾಹೇಬರು ಬಂದರು. ಇಸ್ತ್ರಿ ಅಂಗಿ, ಘಮ್ಮೆನ್ನುವ ಸೆಂಟು.
ಇವರು ಬಾಗಿಲಿಗೆ ಅಡ್ಡ ನಿಂತು ಕೈಮುಗಿದರು:
"ತಪ್ಪು ತಿಳೀಬೇಡಿ ಸಾರ್, ಹುಳ ತಡ್ಕೊಳಲ್ಲ."
ಸಾಹೇಬರು ತಲೆದೂಗಿ, ಕಿಟಕಿಯ ಜಾಲರಿಯಿಂದಲೇ ಇಣುಕಿ ಹೋದರು.
ಹುಳಕ್ಕೆ ಎಕ್ಸರೇ ತೆಗೆಸಿ ಅಂತ ಕೇಳಲಿಲ್ಲ.
ಸೊಪ್ಪಿನ ಮಂಕರಿ ಹೊತ್ತು ತೊಟ್ಟಿಯ ಹತ್ತಿರ ನಿಂತಿದ್ದೆ,
ಅಷ್ಟು ದೂರಕ್ಕೇ ನನ್ನ ಗಂಟಲು ಅವರನ್ನು ಗುರುತಿಸಿತ್ತು.

ಆ ರಾತ್ರಿ ಚಾಪೆ ಸುತ್ತಿಕೊಂಡು ಹುಳದ ಮನೆಗೆ ಹೋದೆ.
ಸ್ಟ್ಯಾಂಡಿನ ಅಂತಸ್ತು ಅಂತಸ್ತಿನಲ್ಲೂ ಹುಳ
ಮೇವು ಬಿಟ್ಟು, ತಲೆಯೆತ್ತಿ, ಅಲುಗದೆ ಕೂತಿದ್ದವು.
ಜ್ವರದ ಹುಳವನ್ನು ಯಾರೂ ಮುಟ್ಟುವುದಿಲ್ಲ,
ಎದ್ದು ಕೆಲಸ ನೋಡು ಅನ್ನುವುದಿಲ್ಲ,
ನಾಟಕ ಅನ್ನುವುದಿಲ್ಲ.
ಎದೆಯ ಹಗ್ಗ ಒಂದೊಂದೇ ಸುತ್ತು ಸಡಿಲಿತು.
ನಾಲ್ಕು ವರ್ಷದಲ್ಲಿ ಮೊದಲ ಸಲ
ತಲೆ ಇದೆ ಅನ್ನುವುದೇ ಮರೆತು ಎದ್ದೆ.

ಹನ್ನೊಂದು ರಾತ್ರಿ ಹಾಗೆ.
ಹುಳ ಹಣ್ಣಾದವು, ಚಂದ್ರಿಕೆ ಹತ್ತಿದವು,
ಗೂಡು ಮಾರ್ಕೆಟ್ಟಿಗೆ ಹೋಯಿತು. ರೇಟು ಪರವಾಗಿಲ್ಲ.

ಇನ್ನು ಮುಂದಿನ ಬೆಳೆಗೆ ಮನೆ ತೊಳೆಯಬೇಕು.
ಬ್ಲೀಚಿಂಗ್ ಪೌಡರು, ಆಮೇಲೆ ಫಾರ್ಮಲಿನ್ನು,
ಬಾಗಿಲು ಕಿಟಕಿ ಬಿಗಿಯಾಗಿ ಮುಚ್ಚಿ.
ಬೇಕೇ ಬೇಕು, ಇಲ್ಲದಿದ್ದರೆ ಹಾಲುತೊಂಡೆ ಬಂದು
ಬೆಳೆಗೆ ಬೆಳೆಯೇ ತಿಪ್ಪೆಗೆ. ನನಗೂ ಗೊತ್ತು.
ಹುಳವನ್ನು ಕಾಯುವ ಮದ್ದೇ ನನ್ನನ್ನು ಅಲ್ಲಿಂದ ಓಡಿಸುತ್ತದೆ.
ಆ ವಾರ ನನಗೆ ಈ ಮನೆಯೂ ಇಲ್ಲ, ಆ ಮನೆಯೂ ಇಲ್ಲ.

ತಾರಸಿಯ ಮೇಲೆ, ಖಾಲಿ ಚಂದ್ರಿಕೆ ಒರಗಿಸಿದ ಕಡೆ
ಚಾಪೆ ಹಾಸಿದ್ದೆ. ನಂದಿ ಬೆಟ್ಟದ ದಿಕ್ಕಿನಿಂದ
ಸ್ವಲ್ಪ ಗಾಳಿ, ಯಾವ ಹೂವಿನ ಹೆಸರೂ ಇಲ್ಲದ್ದು.
ಔಷಧ ಹೊಡೆದು ಮುಗಿಸಿ ಇವರು ಮೆಟ್ಟಿಲು ಹತ್ತಿ ಬಂದರು.
ಕೊನೆಯ ಮೆಟ್ಟಿಲಲ್ಲಿ ನಿಂತರು,
ಏನನ್ನೋ ಓದುತ್ತಿರುವ ಹಾಗೆ.
ಅಲ್ಲಿ ಬೋರ್ಡಂತೂ ಇರಲಿಲ್ಲ.
ಅಂಗಿ ಬಿಚ್ಚಿ ಅಂಗಳಕ್ಕೆ ಎಸೆದು
ಕೈಕಾಲು ತೊಳೆಯಲು ತಿರುಗಿ ಇಳಿದರು.